ಅಪ್ಪನದು 18 ಸಿಲಿಂಡರ್, ನನ್ನದು 18 ಬ್ಲೇಡ್: ಹಳೆ ಪಿಸ್ಟನ್ ಇಂಜಿನ್ ಮೇಲೆ ಕೆಲಸ ಮಾಡಿದವರು ಇದ್ದೀರಾ?

ಕಲೀನಾ_ರಾತ್ರಿಪಾಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮುಂಬೈ ಏರ್‌ಪೋರ್ಟಿನಲ್ಲಿ ವಿಮಾನ ಮೆಂಟೆನೆನ್ಸ್ ಇಂಜಿನಿಯರ್. ಹೆಚ್ಚಾಗಿ ರಾತ್ರಿ ಪಾಳಿ. ಎ320 ನಿಯೋ ವಿಮಾನ, ಅದರ ಲೀಪ್ ಜೆಟ್ ಇಂಜಿನ್. ಊರು ಗದಗದ ಕಡೆ, ಬೆಳೆದದ್ದು ಗೋವಾದ ವಾಸ್ಕೋದಲ್ಲಿ. ಅಪ್ಪ ನೇವಿಯಲ್ಲಿ ಇಂಜಿನ್ ಮೆಕ್ಯಾನಿಕ್ ಆಗಿದ್ದರು. ಅಲ್ಲಿನ ದಾಬೋಳಿ ನೇವಿ ನೆಲೆಯಲ್ಲಿ ಅವರ ಕೈಗೆ ಮೊದಲು ಸಿಕ್ಕಿದ್ದು ಸೂಪರ್ ಕಾನ್‌ಸ್ಟಲೇಷನ್, ನಾಲ್ಕು ಪಿಸ್ಟನ್ ಇಂಜಿನ್ನಿನ ದೊಡ್ಡ ವಿಮಾನ. ಒಂದು ಕಾಲದಲ್ಲಿ ಏರ್ ಇಂಡಿಯಾದಲ್ಲಿ ಜನರನ್ನು ಹೊತ್ತ ವಿಮಾನಗಳು ಅವು. ಆಮೇಲೆ ಏರ್‌ಫೋರ್ಸಿಗೆ ಹೋದವು, 1976ರಲ್ಲಿ ನೇವಿಗೆ ಬಂದವು. ಸಮುದ್ರದ ಮೇಲೆ ಗಸ್ತು ತಿರುಗುವುದು ಅವುಗಳ ಕೆಲಸವಾಗಿತ್ತು.

ಅಪ್ಪನಿಗೆ ಈಗ 68. ಹೋದ ತಿಂಗಳು ಮಗಳನ್ನೂ ಅವರನ್ನೂ ಕರೆದುಕೊಂಡು ಬೊಗ್ಮಾಳೋ ರಸ್ತೆಯ ನೇವಲ್ ಏವಿಯೇಷನ್ ಮ್ಯೂಸಿಯಂಗೆ ಹೋಗಿದ್ದೆ. ಅಪ್ಪನ ವಾಸ್ಕೋ ಮನೆಯಿಂದ ಬರೀ ಕೆಲವು ಕಿಲೋಮೀಟರ್. ಆದರೂ ಅಪ್ಪ ಅಲ್ಲಿಗೆ ಬಂದದ್ದು ಅದೇ ಮೊದಲು. ಅಲ್ಲಿ ಹೊರಗೆ ಒಂದು ಸೂಪರ್ ಕಾನ್‌ಸ್ಟಲೇಷನ್ ನಿಂತಿದೆ. ಮೂರು ಬಾಲದ ವಿಮಾನ, ದೂರದಿಂದಲೇ ಗೊತ್ತಾಗುತ್ತದೆ. ಅಪ್ಪ ಬೇರೆ ಯಾವುದನ್ನೂ ನೋಡಲಿಲ್ಲ. ಸೀದಾ ಹೋಗಿ ಎರಡನೇ ಇಂಜಿನ್ ಕೆಳಗೆ ನಿಂತರು. ತಲೆ ಎತ್ತಿ ಇಂಜಿನ್ ನೋಡುತ್ತಾರೆ ಅಂದುಕೊಂಡೆ. ಅವರು ನೆಲ ನೋಡುತ್ತಿದ್ದರು.

"ಏನು ಬಿತ್ತು ಅಪ್ಪಾ?" ಅಂದೆ.

"ಏನೂ ಬಿದ್ದಿಲ್ಲ. ಅದನ್ನೇ ನೋಡ್ತಿದ್ದೀನಿ" ಅಂದರು.

ಅವರ ಕಾಲದಲ್ಲಿ ಪ್ರತಿ ಇಂಜಿನ್ ಕೆಳಗೂ ಎಣ್ಣೆ ಹಿಡಿಯಲು ಟ್ರೇ ಇಡುತ್ತಿದ್ದರಂತೆ. ಈಗ ನೆಲ ಒಣಗಿತ್ತು. ಮನೆಯಲ್ಲಿ ಇಡೀ ದಿನಕ್ಕೆ ಹತ್ತು ಮಾತಾಡದ ಮನುಷ್ಯ ಅವತ್ತು ಒಂದು ಗಂಟೆ ಅಲ್ಲೇ ನಿಂತು ಮಾತಾಡಿದರು. ನಾನು ಮೊಬೈಲ್‌ನಲ್ಲಿ ನನ್ನ ಲೀಪ್ ಇಂಜಿನ್ ಫೋಟೋ ತೋರಿಸಿದೆ. ಫ್ಯಾನ್ ಬ್ಲೇಡ್ ಎಣಿಸಿದರು. 18. "ನಮ್ಮದರಲ್ಲಿ 18 ಸಿಲಿಂಡರ್" ಅಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. "ಇದು ಕೆಡೋ ಮುಂಚೆ ನಿನಗೆ ಯಾರು ಹೇಳ್ತಾರೆ?"

"ಕಂಪ್ಯೂಟರ್" ಅಂದೆ. ಅವರು ತಲೆ ಆಡಿಸಿ ಮುಂದೆ ಹೋದರು.

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನನ್ನ ಇಂಜಿನ್ ಬಗ್ಗೆ ನನಗೆ ತುಂಬಾ ಹೆಮ್ಮೆ ಇದೆ. ಸಾವಿರಾರು ಗಂಟೆ ರೆಕ್ಕೆಯ ಮೇಲೇ ಇದ್ದು ಕೆಲಸ ಮಾಡುವ ವಸ್ತು ಅದು. ಹಾಗಿದ್ದರೆ ಹಳೆ ಇಂಜಿನ್ನಿನಲ್ಲಿ ಇವರೆಲ್ಲ ಏನು ಕಂಡಿದ್ದರು? ಸುಮ್ನೆ ವಯಸ್ಸಿನ ನೆನಪಾ, ಇಲ್ಲಾ ನನ್ನ ಇಂಜಿನ್ನಿನಲ್ಲಿ ಇಲ್ಲದ್ದು ಏನಾದರೂ ನಿಜವಾಗಿಯೂ ಅದರಲ್ಲಿತ್ತಾ?

ಇನ್ನೊಂದು ಮಾತು. ಅಪ್ಪನಿಗೆ ಎಡಗಿವಿ ಕೇಳುವುದಿಲ್ಲ. ಇತ್ತೀಚೆಗೆ ಮರೆವು ಶುರುವಾಗಿದೆ. ಅವರಿಂದ ಬರೆದಿಟ್ಟುಕೊಳ್ಳಬೇಕು ಅಂತಿದ್ದೇನೆ. ಏನು ಕೇಳಬೇಕು ಅಂತ ಗೊತ್ತಿಲ್ಲ. ಗೊತ್ತಿದ್ದವರು ಹೇಳಿ.

ಪಾರ್ಲೆ_ಹಿರಿಯ ಬರೆದದ್ದು:

ತಮ್ಮಾ, ನಿಮ್ಮ ತಂದೆ ಕೇಳಿದ್ದು ಕೆಲಸದ ಪ್ರಶ್ನೆ. ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ನನಗೆ 75. ಉಡುಪಿ ಕಡೆಯವರು ನಾವು. ಅಪ್ಪ ವಿಲೇ ಪಾರ್ಲೆಯ ಒಂದು ಹೋಟೆಲಿನಲ್ಲಿ ಅಡುಗೆಗಿದ್ದರು. ನಾನು ಓದಿದ್ದು ಕನ್ನಡ ರಾತ್ರಿ ಶಾಲೆಯಲ್ಲಿ. ಚಿಕ್ಕವನಿದ್ದಾಗ ಸಾಂತಾಕ್ರೂಜ್ ಏರ್‌ಪೋರ್ಟಿನ ಬೇಲಿ ಹತ್ತಿರ ಹೋಗಿ ನಿಲ್ಲುತ್ತಿದ್ದೆವು. ನಿಮ್ಮ ತಂದೆಯ ಸೂಪರ್ ಕಾನ್‌ಸ್ಟಲೇಷನ್‌ಗಳು ಆಗ ಏರ್ ಇಂಡಿಯಾದ ಬಣ್ಣದಲ್ಲಿ ಅಲ್ಲಿಂದಲೇ ಏಳುತ್ತಿದ್ದವು. ರಾತ್ರಿ ಹೊತ್ತು ಅದರ ಎಕ್ಸಾಸ್ಟ್‌ನಿಂದ ನೀಲಿ ಬೆಂಕಿ ಕಾಣುತ್ತಿತ್ತು. ವಿಮಾನಕ್ಕೆ ಬೆಂಕಿ ಬಿತ್ತು ಅಂತ ಮೊದಲ ಸಲ ನಾನು ಅತ್ತಿದ್ದೆ. 1960ರಲ್ಲಿ ಬೋಯಿಂಗ್ 707 ಬಂತು. 1962ರ ಹೊತ್ತಿಗೆ ಏರ್ ಇಂಡಿಯಾದಲ್ಲಿ ಎಲ್ಲವೂ ಜೆಟ್. ಬೇಲಿಯ ಆ ಕಡೆ ನೀಲಿ ಬೆಂಕಿ ನಿಂತುಹೋಯಿತು.

1968ರಲ್ಲಿ ಜುಹು ಏರ್‌ಪೋರ್ಟಿನಲ್ಲಿ ಹೆಲ್ಪರ್ ಆಗಿ ಸೇರಿದೆ. ಟೈಗರ್ ಮಾತ್ ವಿಮಾನ ಇತ್ತು, ನಮ್ಮ ಬೆಂಗಳೂರಿನ ಎಚ್‌ಎಎಲ್ ಮಾಡಿದ ಪುಷ್ಪಕ್ ಇತ್ತು. ಪುಷ್ಪಕ್‌ಗೆ 90 ಅಶ್ವಶಕ್ತಿಯ ಕಾಂಟಿನೆಂಟಲ್ ಇಂಜಿನ್. ಟೈಗರ್ ಮಾತ್‌ಗೆ ಜಿಪ್ಸಿ ಮೇಜರ್. ನಾಲ್ಕು ಸಿಲಿಂಡರ್ ತಲೆಕೆಳಗಾಗಿ ನೇತಾಡುವ ಇಂಜಿನ್ ಅದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ತಂದು ಇದೇ ಜುಹುವಿನಲ್ಲಿ ಇಳಿದರಲ್ಲ, ಆ ಪುಸ್ ಮಾತ್ ವಿಮಾನದ್ದೂ ಜಿಪ್ಸಿ ಮನೆತನದ ಇಂಜಿನ್. ಅಲ್ಲಿಂದ ಮುಂದೆ ಅಂಚೆಯನ್ನು ಮದ್ರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ದಾರಿಯಲ್ಲಿ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ. ಕನ್ನಡದವರು ಇದನ್ನು ಮರೆಯಬಾರದು ಅಂತ ಬರೆದೆ.

ಈಗ ವಿಷಯಕ್ಕೆ ಬರುತ್ತೇನೆ. ಇಂಜಿನ್ ಒಳಗೆ ನಡೆಯುವ ಕೆಲಸ ಎರಡರಲ್ಲೂ ಒಂದೇ. ಗಾಳಿ ಎಳೆದುಕೊಳ್ಳಬೇಕು, ಒತ್ತಬೇಕು, ಉರಿಸಬೇಕು, ಹೊರಗೆ ಬಿಡಬೇಕು. ನಿಮ್ಮ ಲೀಪ್‌ನಂಥ ಟರ್ಬೈನ್‌ನಲ್ಲಿ ಈ ನಾಲ್ಕೂ ಬೇರೆ ಬೇರೆ ಜಾಗದಲ್ಲಿ ಒಟ್ಟಿಗೇ ನಡೆಯುತ್ತವೆ, ನಿಲ್ಲುವುದೇ ಇಲ್ಲ. ಪಿಸ್ಟನ್‌ನಲ್ಲಿ ಒಂದೇ ಸಿಲಿಂಡರ್ ಒಳಗೆ ಸರದಿ ಪ್ರಕಾರ ನಡೆಯುತ್ತವೆ. ನಾನು ಯಕ್ಷಗಾನ ನೋಡಿ ಬೆಳೆದವನು, ಹಾಗಾಗಿ ನನಗೆ ಹೊಳೆಯುವುದು ಹೀಗೆ: ಪಿಸ್ಟನ್ ಇಂಜಿನ್ ಚೆಂಡೆ, ಟರ್ಬೈನ್ ಶ್ರುತಿಪೆಟ್ಟಿಗೆ. ಚೆಂಡೆಯಲ್ಲಿ ಒಂದು ಪೆಟ್ಟು ತಪ್ಪಿದರೆ ಕೊನೆಯ ಸಾಲಿನಲ್ಲಿ ಕುಳಿತವನಿಗೂ ಗೊತ್ತಾಗುತ್ತದೆ. ಶ್ರುತಿ ಒಂದು ಎಳೆ ಇಳಿದರೆ ಭಾಗವತರಿಗೆ ಮಾತ್ರ ಗೊತ್ತಾಗುತ್ತದೆ. ನಿಮ್ಮ ಕಂಪ್ಯೂಟರ್ ಆ ಭಾಗವತ.

ನಮಗೆ ಭಾಗವತರು ಬೇಕಿರಲಿಲ್ಲ. ನಾಲ್ಕು ಸಿಲಿಂಡರಿನಲ್ಲಿ ಒಂದು ಸರಿಯಾಗಿ ಉರಿಯುತ್ತಿಲ್ಲ ಅಂದರೆ ಶಬ್ದ ಕುಂಟುತ್ತಿತ್ತು. ಯಾವ ಸಿಲಿಂಡರ್ ಅಂತ ಹೇಗೆ ಕಂಡುಹಿಡಿಯುವುದು? ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸುವುದು. ಕೂಡಲೇ ಹೋಗಿ ಒಂದೊಂದಕ್ಕೂ ಒದ್ದೆ ಬಟ್ಟೆ ಮುಟ್ಟಿಸುವುದು. ಮೂರರಲ್ಲಿ ಚುರ್ ಅನ್ನುತ್ತದೆ. ಒಂದರಲ್ಲಿ ಸುಮ್ಮನಿರುತ್ತದೆ. ಅದೇ ತಣ್ಣನೆ ಸಿಲಿಂಡರ್. ನನಗೆ ಕಲಿಸಿದ ಮೇಸ್ತ್ರಿ ಬಟ್ಟೆ ಇಲ್ಲದೆ ಅಂಗೈ ಹತ್ತಿರ ಹಿಡಿದೇ ಹೇಳುತ್ತಿದ್ದರು. ಇದು ಕೈಗೆ ಬರಲು ನನಗೆ ಎರಡು ವರ್ಷ ಹಿಡಿಯಿತು.

ಸ್ಟಾರ್ಟ್ ಮಾಡುವುದಂತೂ ಇಬ್ಬರ ಕೆಲಸ. ಒಳಗೆ ಪೈಲಟ್, ಹೊರಗೆ ಪ್ರೊಪೆಲ್ಲರ್ ಹಿಡಿದು ನಾನು. "ಸ್ವಿಚ್ ಆಫ್, ಪೆಟ್ರೋಲ್ ಆನ್, ಥ್ರಾಟಲ್ ಕ್ಲೋಸ್." ನಾನು ಕೂಗುತ್ತೇನೆ, ಅವರು ಅದನ್ನೇ ತಿರುಗಿ ಕೂಗುತ್ತಾರೆ. ನಾಲ್ಕು ಸಲ ಕೈಯಿಂದ ತಿರುಗಿಸುತ್ತೇನೆ. ಆಮೇಲೆ "ಕಾಂಟ್ಯಾಕ್ಟ್". ಒಂದೇ ಎಳೆತ, ಒಂದು ಹೆಜ್ಜೆ ಹಿಂದೆ. ಇಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಪ್ರಾಣ. ಕಿಡಿ ಹುಟ್ಟಿಸುವ ಮ್ಯಾಗ್ನೆಟೊಗೆ ಬ್ಯಾಟರಿ ಬೇಡ, ತಿರುಗಿದರೆ ಸಾಕು, ಕಿಡಿ ಹಾರುತ್ತದೆ. ಸ್ವಿಚ್ ಆಫ್ ಮಾಡಿದರೆ ಆ ಕರೆಂಟು ಅರ್ತ್‌ಗೆ ಹೋಗುತ್ತದೆ, ಅಷ್ಟೇ. ಆ ಒಂದು ವೈರ್ ಒಳಗೆ ತುಂಡಾಗಿದ್ದರೆ ಸ್ವಿಚ್ ಆಫ್ ಅಂತ ತೋರಿಸುತ್ತಿದ್ದರೂ ಇಂಜಿನ್ ಜೀವಂತ. ಬೇರೊಂದು ಊರಿನ ಮೈದಾನದಲ್ಲಿ ನನ್ನ ಜೊತೆಗಾರನ ಮೊಣಕೈ ಹೀಗೇ ಮುರಿಯಿತು. ಅವನು ಮತ್ತೆ ಸ್ಪ್ಯಾನರ್ ಸರಿಯಾಗಿ ಹಿಡಿಯಲೇ ಇಲ್ಲ. ಅದಕ್ಕೇ ಹೇಳುತ್ತೇನೆ, ಆ ಕಾಲ ಚಿನ್ನದಂಥದ್ದು ಅಂತ ನಾನು ಒಪ್ಪುವುದಿಲ್ಲ. ನಿಮ್ಮ ತಂದೆಯ ಎಡಗಿವಿಯನ್ನು ಕೇಳಿ, ಅದು ಹೇಳುತ್ತದೆ.

ನಿಮ್ಮ ತಂದೆಯ ಇಂಜಿನ್ ಬಗ್ಗೆ ಸ್ವಲ್ಪ. ರೈಟ್ ಆರ್-3350. ಆ ಸಂಖ್ಯೆಯೇ ಅದರ ಗಾತ್ರ, 3350 ಘನ ಇಂಚು, ಸುಮಾರು 55 ಲೀಟರ್. ಒಂದೊಂದು ಸಿಲಿಂಡರ್ 3 ಲೀಟರ್. ಹಳೆ 350 ಬುಲೆಟ್ ಗೊತ್ತಲ್ಲ, ಅಂಥ ಒಂಬತ್ತು ಬುಲೆಟ್ ಒಂದು ಸಿಲಿಂಡರಿನಲ್ಲಿ. ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್. ಇಂಜಿನ್ನಿಗೆ 36, ವಿಮಾನಕ್ಕೆ 144. ಒಂದು ರಾತ್ರಿಯಲ್ಲಿ 144 ಪ್ಲಗ್ ಬಿಚ್ಚಿ ಹಾಕಿದವರ ಬೆರಳು ಹೇಗಿರುತ್ತದೆ ಅಂತ ನಿಮಗೆ ಮನೆಯಲ್ಲೇ ನೋಡಲು ಸಿಗುತ್ತದೆ. ತುಂಬಾ ತಾಪತ್ರಯದ ಇಂಜಿನ್. ಎರಡನೇ ಮಹಾಯುದ್ಧದ ಬಿ-29 ಬಾಂಬರ್‌ನಲ್ಲಿ ಇದೇ ಮನೆತನದ ಇಂಜಿನ್ ಬೆಂಕಿ ಹತ್ತಿಕೊಳ್ಳುವುದಕ್ಕೆ ಹೆಸರಾಗಿತ್ತು. ಇನ್ನೊಂದು ವಿಷಯ ನಿಮಗೆ ಖುಷಿ ಕೊಡುತ್ತದೆ. ಸೂಪರ್ ಕಾನ್‌ಸ್ಟಲೇಷನ್‌ನ ಇಂಜಿನ್ನಿಗೆ ಎಕ್ಸಾಸ್ಟ್ ದಾರಿಯಲ್ಲಿ ಮೂರು ಚಿಕ್ಕ ಟರ್ಬೈನ್ ಇದ್ದವು. ಹೊರಗೆ ಹೋಗುವ ಬಿಸಿ ಗಾಳಿಯಿಂದ ಶಕ್ತಿ ತೆಗೆದು ಮತ್ತೆ ಕ್ರ್ಯಾಂಕ್ ಶಾಫ್ಟ್‌ಗೇ ಕೊಡುತ್ತಿದ್ದವು. ನಿಮ್ಮ ತಂದೆ ನಿಮಗಿಂತ ಮೊದಲೇ ಟರ್ಬೈನ್ ಮುಟ್ಟಿದವರು.

ಅವರ ಹತ್ತಿರ ಮೊದಲು ಫೈರಿಂಗ್ ಆರ್ಡರ್ ಕೇಳಿ. ಬೇರೆ ಏನೂ ಪೀಠಿಕೆ ಬೇಡ. 18 ಸಿಲಿಂಡರ್ ಯಾವ ಸರದಿಯಲ್ಲಿ ಉರಿಯುತ್ತವೆ ಅಂತ ಕೇಳಿ, ಸುಮ್ಮನೆ ಕೂರಿ. ಆಮೇಲೆ ತಣ್ಣನೆ ಸಿಲಿಂಡರ್ ಹೇಗೆ ಹುಡುಕುತ್ತಿದ್ದರು ಅಂತ ಕೇಳಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಪ್ರೊಪೆಲ್ಲರ್ ಬ್ಲೇಡ್ ಎಣಿಸುತ್ತಿದ್ದುದು ಯಾಕೆ ಅಂತಲೂ ಕೇಳಿ.

ಬಾರಾಮತಿ_ಆಕಾಶ ಬರೆದದ್ದು:

ನಾನು ಧಾರವಾಡದವಳು. ಈಗ ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಹಾರಾಟ ಕಲಿಸುತ್ತೇನೆ. ಹಿರಿಯರ ಮಾತು ಓದಿ ತುಂಬಾ ಸಂತೋಷ ಆಯ್ತು. ಒಂದು ಮಾತ್ರ ಸೇರಿಸಬೇಕು. ಪಿಸ್ಟನ್ ಇಂಜಿನ್ ಮ್ಯೂಸಿಯಂ ಸೇರಿಲ್ಲ. ಇವತ್ತು ಬೆಳಿಗ್ಗೆ ಆರೂವರೆಗೆ ನಾನು ಸೆಸ್ನಾ 152ರಲ್ಲಿ ಕೂತಿದ್ದೆ. ಲೈಕಮಿಂಗ್, ನಾಲ್ಕು ಸಿಲಿಂಡರ್, 110 ಅಶ್ವಶಕ್ತಿ, ಎರಡು ಮ್ಯಾಗ್ನೆಟೊ. ಏಳುವ ಮುಂಚೆ 1,700 ಆರ್‌ಪಿಎಂನಲ್ಲಿ ಒಂದೊಂದೇ ಮ್ಯಾಗ್ನೆಟೊ ಆಫ್ ಮಾಡಿ ನೋಡುತ್ತೇವೆ. 125ಕ್ಕಿಂತ ಜಾಸ್ತಿ ಇಳಿಯಬಾರದು. ಎರಡರ ನಡುವೆ 50ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ನಾನು ಹುಡುಗರಿಗೆ ಹೇಳುತ್ತೇನೆ, ಮೊದಲು ಕಿವಿಯಿಂದ ಕೇಳಿ, ಆಮೇಲೆ ಮುಳ್ಳು ನೋಡಿ ಅಂತ.

ಮಳೆಗಾಲದಲ್ಲಿ ಈ ಇಂಜಿನ್ ಇನ್ನೊಂದು ಪಾಠ ಕಲಿಸುತ್ತದೆ. ಹೊರಗೆ 25 ಡಿಗ್ರಿ ಇದ್ದರೂ, ಪೆಟ್ರೋಲ್ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಒಳಗೆ ಮಂಜುಗಡ್ಡೆ ಕಟ್ಟಬಹುದು. ಪೆಟ್ರೋಲ್ ಆವಿಯಾಗುವಾಗ ಶಾಖ ಎಳೆದುಕೊಳ್ಳುತ್ತದೆ. ಕಿರಿದಾದ ಗಂಟಲಲ್ಲಿ ಗಾಳಿಯ ಒತ್ತಡವೂ ಇಳಿಯುತ್ತದೆ. ಗಾಳಿಯಲ್ಲಿ ತೇವ ಇದ್ದರೆ ಆಯಿತು. ಇಂಜಿನ್ ಒಮ್ಮೆಗೇ ನಿಲ್ಲುವುದಿಲ್ಲ. ನಿಧಾನಕ್ಕೆ ಶಕ್ತಿ ಇಳಿಸುತ್ತದೆ. ಅದಕ್ಕೆ ಬಿಸಿಗಾಳಿ ಬಿಡುವ ಕಾರ್ಬ್ ಹೀಟ್ ಹಿಡಿ ಎಳೆದರೆ ಗಡ್ಡೆ ಕರಗಿ ನೀರು ಒಳಗೆ ಹೋಗುತ್ತದೆ, ಇಂಜಿನ್ ಕೆಮ್ಮುತ್ತದೆ. ಹೊಸಬರು ಹೆದರಿ ಅದನ್ನು ವಾಪಸ್ ತಳ್ಳಿಬಿಡುತ್ತಾರೆ. ತಳ್ಳಬಾರದು. ಆ ಕೆಮ್ಮು ದಾಟುವವರೆಗೆ ಕಾಯಬೇಕು. ನನ್ನ ಹತ್ತಿರ ಕಲಿತ ಹುಡುಗಿಯೊಬ್ಬಳು ಈಗ ಎ320 ಹಾರಿಸುತ್ತಾಳೆ. ಹೋದ ವಾರ ಫೋನ್ ಮಾಡಿದಾಗ ಆ ಕೆಮ್ಮಿನ ನೆನಪು ತೆಗೆದಳು.

ಆದರೆ ನಮ್ಮ ಪೆಟ್ರೋಲಿನಲ್ಲಿ ಇನ್ನೂ ಸೀಸ ಇದೆ. ನೀಲಿ ಬಣ್ಣದ 100 ಎಲ್‌ಎಲ್. ಕಾರುಗಳಿಗೆ ಯಾವತ್ತೋ ನಿಲ್ಲಿಸಿದ್ದು ಅದು. ಈ ಇಂಜಿನ್ ಮೇಲೆ ಎಷ್ಟೇ ಪ್ರೀತಿ ಇದ್ದರೂ, ಇದು ಹೋಗಲೇಬೇಕು ಅಂತ ನನಗೆ ಅನ್ನಿಸುತ್ತದೆ.

ಜುಹು_ಹೆಲಿ ಬರೆದದ್ದು:

ಪಾರ್ಲೆ ಮಾಮಾ, ನಾನು ಕಾರವಾರದವನು. ಜುಹುವಿನಲ್ಲೇ ಹೆಲಿಕಾಪ್ಟರ್ ಟೆಕ್ನಿಶಿಯನ್. ಒಂದು ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಟರ್ಬೈನ್ ಕೇಳಲು ಭಾಗವತರೇ ಬೇಕು ಅಂದಿರಲ್ಲ, ನಾವೂ ಕೇಳುತ್ತೇವೆ.

ನಮ್ಮ ಹೆಲಿಕಾಪ್ಟರ್‌ಗಳು ಸಮುದ್ರದ ಎಣ್ಣೆ ಬಾವಿಗಳಿರುವ ಬಾಂಬೆ ಹೈಗೆ ಹೋಗುತ್ತವೆ. ದಡದಿಂದ 150 ಕಿಲೋಮೀಟರಿಗೂ ಆಚೆ, ಎಲ್ಲ ಉಪ್ಪುಗಾಳಿ. ಕಂಪ್ರೆಸರ್ ಬ್ಲೇಡ್ ಮೇಲೆ ಉಪ್ಪು ಕೂತರೆ ಇಂಜಿನ್ ಬಿಸಿ ಏರುತ್ತದೆ, ಶಕ್ತಿ ಇಳಿಯುತ್ತದೆ. ಅದಕ್ಕೇ ದಿನದ ಕೊನೆಗೆ ಶುದ್ಧ ನೀರು ಬಿಟ್ಟು ಇಂಜಿನ್ ತೊಳೆಯುತ್ತೇವೆ. ಇಂಜಿನ್ ಆಫ್ ಮಾಡಿದ ಮೇಲೆ ಅದು ತಿರುಗುತ್ತಾ ತಿರುಗುತ್ತಾ ನಿಲ್ಲುತ್ತದಲ್ಲ, ಆಗ ನಾನು ಹತ್ತಿರ ನಿಂತು ಕೇಳುತ್ತೇನೆ. ಎಲ್ಲಾದರೂ ಉಜ್ಜಿದ ಸದ್ದು ಬರುತ್ತಾ, ಮಾಮೂಲಿಗಿಂತ ಬೇಗ ನಿಂತಿತಾ ಅಂತ. ಒಂದು ಸಲ ಹಾಗೆ ಬೇಗ ನಿಂತಿತು. ಮೀಟರ್‌ಗಳಲ್ಲಿ ಏನೂ ಇರಲಿಲ್ಲ. ಎಣ್ಣೆಯಲ್ಲಿನ ಲೋಹದ ಚೂರು ಹಿಡಿಯುವ ಮ್ಯಾಗ್ನೆಟಿಕ್ ಪ್ಲಗ್ ತೆಗೆದರೆ ಕೂದಲಿನಷ್ಟು ಲೋಹದ ಚೂರು. ಬೇರಿಂಗ್ ಹೋಗುತ್ತಿತ್ತು. ಅವತ್ತು ನಾನು ಮನೆಗೆ ಹೋದ ಮೇಲೂ ಕೈ ನಡುಗುತ್ತಿತ್ತು.

ಕಲೀನಾ ಅಣ್ಣ, ನಿಮ್ಮ ಅಪ್ಪನ ಪ್ರಶ್ನೆಗೆ ನಾನಾಗಿದ್ದರೆ "ನಾನೇ ಹೇಳ್ತೀನಿ" ಅನ್ನುತ್ತಿದ್ದೆ.

ಪಾರ್ಲೆ_ಹಿರಿಯ ಬರೆದದ್ದು:

ಕಾರವಾರದ ತಮ್ಮಾ, ನೀವು ಹೇಳಿದ್ದು ಸರಿ. ನಾನೂ ಮುಂದೆ ಮೂವತ್ತು ವರ್ಷ ಸಾಂತಾಕ್ರೂಜ್‌ನಲ್ಲಿ ಟರ್ಬೈನ್ ಮೇಲೆಯೇ ಕೆಲಸ ಮಾಡಿದವನು. 707ರ ಕಾನ್ವೇ ಇಂಜಿನ್ ನಿಲ್ಲುವ ಸದ್ದು ನನಗೆ ಈಗಲೂ ಕಿವಿಯಲ್ಲಿದೆ. ಚೆಂಡೆಯ ಮೇಲಿನ ಮಮತೆಯಲ್ಲಿ ಅದನ್ನು ಬಿಟ್ಟುಬಿಟ್ಟೆ. ಬರೆದದ್ದಕ್ಕೆ ಥ್ಯಾಂಕ್ಸ್.

ಕಲೀನಾ_ರಾತ್ರಿಪಾಳಿ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಪಾಳಿ ಮುಗಿಸಿ ರೈಲು ಹತ್ತಿದೆ. ಮಡಗಾಂವ್‌ನಲ್ಲಿ ಇಳಿದು ವಾಸ್ಕೋ ತಲುಪುವಾಗ ಸಂಜೆ. ಮಗಳು ರಜೆಗೆ ಅಲ್ಲೇ ಇದ್ದಳು. ಭಾನುವಾರ ಬೆಳಿಗ್ಗೆ ಅಪ್ಪ ಚಹಾ ಕುಡಿಯುತ್ತಿದ್ದರು. ಬಿಪಿ ಮಾತ್ರೆ ತಗೊಂಡ್ರಾ ಅಂದೆ, ನೆನಪಿಲ್ಲ ಅಂದರು. ಪಾರ್ಲೆ ಕಾಕಾ ಹೇಳಿದ ಹಾಗೆ ಪೀಠಿಕೆ ಇಲ್ಲದೆ ಕೇಳಿದೆ. "ಅಪ್ಪಾ, ಫೈರಿಂಗ್ ಆರ್ಡರ್ ಏನಿತ್ತು?"

ಕಪ್ಪು ಕೆಳಗಿಟ್ಟರು. ಟೇಬಲ್ ಮೇಲೆ ಬೆರಳಿನಿಂದ ಕುಟ್ಟುತ್ತಾ ಹೇಳಿದರು. 1, 12, 5, 16, 9, 2, 13, 6, 17, 10, 3, 14, 7, 18, 11, 4, 15, 8. ಎಲ್ಲೂ ನಿಲ್ಲಲಿಲ್ಲ. ಕುಟ್ಟುವ ವೇಗವೂ ಬದಲಾಗಲಿಲ್ಲ.

ಹೇಗೆ ನೆನಪಿದೆ ಅಂದರೆ, "ನೆನಪಿಡಬೇಕಾದ್ದು ಏನಿದೆ? 11 ಕೂಡಿಸು. 18 ದಾಟಿತು ಅಂದ್ರೆ ಕೂಡಿಸಬೇಡ, 7 ಕಳಿ" ಅಂದರು. ನಾನು ಪೇಪರ್ ಮೇಲೆ ಮಾಡಿ ನೋಡಿದೆ. ಹದಿನೆಂಟೂ ಸರಿಯಾಗಿ ಬಂತು. ಸಿಲಿಂಡರ್‌ಗಳು ಹಿಂದೆ ಮುಂದೆ ಎರಡು ಸಾಲಾಗಿ, ಚಕ್ರದ ಹಾಗೆ ಸುತ್ತಲೂ ಇರುತ್ತವೆ. ಬೆಸ ಸಂಖ್ಯೆಗಳು ಹಿಂದಿನ ಸಾಲು, ಸಮ ಸಂಖ್ಯೆಗಳು ಮುಂದಿನ ಸಾಲು. 1 ಹಿಂದಿನ ಸಾಲಿನ ತುತ್ತತುದಿ. 9, 10, 11 ತೀರಾ ಕೆಳಗೆ. ರಾತ್ರಿಯಿಡೀ ನಿಂತ ಇಂಜಿನ್ನಿನ ಎಣ್ಣೆ ಇಳಿದು ಕೂರುವುದು ಅಲ್ಲೇ. ಎಣ್ಣೆ ತುಂಬಿದ ಸಿಲಿಂಡರಿನಲ್ಲಿ ಪಿಸ್ಟನ್ ಬಂದು ಒತ್ತಿದರೆ ಎಣ್ಣೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದಕ್ಕೇ ಇಗ್ನಿಷನ್ ಹಾಕುವ ಮುಂಚೆ ಬ್ಲೇಡ್ ಎಣಿಸುತ್ತಾ ತಿರುಗಿಸುವುದು. ಎಲ್ಲಾದರೂ ಬಿಗಿಯಾಯಿತು ಅಂದರೆ ಅಲ್ಲೇ ನಿಲ್ಲಿಸಿ ಕೆಳಗಿನ ಪ್ಲಗ್ ಬಿಚ್ಚಬೇಕು. ಜೋರು ಮಾಡಬಾರದು. ಅಪ್ಪ ಇದನ್ನು ಮೂರು ಸಲ ಹೇಳಿದರು, ಜೋರು ಮಾಡಬಾರದು ಅಂತ.

ತಣ್ಣನೆ ಸಿಲಿಂಡರ್ ಬಗ್ಗೆ ಕೇಳಿದೆ. ಅಷ್ಟು ದೊಡ್ಡ ಇಂಜಿನ್ನಿನಲ್ಲಿ ಒದ್ದೆ ಬಟ್ಟೆ ಹಿಡಿದು ಓಡಾಡುತ್ತಿರಲಿಲ್ಲವಂತೆ. ಫ್ಲೈಟ್ ಇಂಜಿನಿಯರ್ ಹತ್ತಿರ ಚಿಕ್ಕ ದುಂಡನೆ ಪರದೆ ಇತ್ತಂತೆ, ಇಗ್ನಿಷನ್ ಅನಲೈಸರ್. ಹಸಿರು ಗೆರೆ ಓಡುತ್ತಿತ್ತು. ಯಾವ ಪ್ಲಗ್ ಕೈಕೊಟ್ಟಿದೆ ಅಂತ ಅದರಲ್ಲಿ ಕಾಣುತ್ತಿತ್ತು.

"ಹಾಗಾದ್ರೆ ನಿಮಗೂ ಪರದೆನೇ ಹೇಳ್ತಿತ್ತಲ್ಲ" ಅಂದೆ.

"ಪರದೆ ಗೆರೆ ತೋರಿಸ್ತಿತ್ತು. ಅದು ಪ್ಲಗ್ಗಾ, ಕಾಯಿಲ್ಲಾ, ವೈರಾ ಅಂತ ನಾವು ಓದಬೇಕಿತ್ತು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಿನ್ನ ಕಂಪ್ಯೂಟರೂ ಗೆರೆ ತೋರಿಸುತ್ತಾ?" ಅಂತ ಕೇಳಿದರು. ತೋರಿಸುತ್ತದೆ ಅಂದೆ. ಲ್ಯಾಪ್‌ಟಾಪ್ ತೆಗೆದು ಎಕ್ಸಾಸ್ಟ್ ಬಿಸಿಯ ಗ್ರಾಫ್ ಹೇಗಿರುತ್ತದೆ, ದಿನ ಕಳೆದ ಹಾಗೆ ಗೆರೆ ಹೇಗೆ ಮೇಲೆ ಸರಿಯುತ್ತದೆ ಅಂತ ಒಂದು ಚಿತ್ರ ಬರೆದು ತೋರಿಸಿದೆ. ಚಾಳೀಸು ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಇದನ್ನ ಓದೋದು ನನಗೆ ಹೇಳಿಕೊಡು" ಅಂದರು. ಮಧ್ಯಾಹ್ನ ಊಟದವರೆಗೆ ಅದೇ ಆಯಿತು.

ನಿನ್ನೆ ರಾತ್ರಿ ಪಾಳಿಗೆ ಹೊರಡುವ ಮುಂಚೆ ಮನೆಗೆ ಫೋನ್ ಮಾಡಿದ್ದೆ. ಮಗಳು ಫೈರಿಂಗ್ ಆರ್ಡರ್ ಬಾಯಿಪಾಠ ಮಾಡಿದ್ದಾಳೆ. ಮಗ್ಗಿ ಹೇಳಿದ ಹಾಗೆ ಹೇಳಿ ಒಪ್ಪಿಸಿದಳು. 9, 2 ಆದ ಮೇಲೆ 14 ಅಂದುಬಿಟ್ಟಳು. ಹಿಂದಿನಿಂದ ಅಪ್ಪನ ದನಿ ಕೇಳಿತು. "ಹದಿಮೂರು. ಮೊದಲಿನಿಂದ ಹೇಳು."